ಮೊದಲು ಚಮಚೆ, ಆಮೇಲೆ ಮಾಡೆಲ್: ಪ್ರೈಮರ್ ಆರಿಸುವ, ಹದ ಮಾಡುವ ಬಗೆ

ಪ್ಲಾಸ್ಟಿಕ್ ಕಿಟ್ಟುಗಳಿಂದ ಪುಟ್ಟ ವಿಮಾನದ ಮಾಡೆಲ್ ಕಟ್ಟುವ ನನ್ನ ಕೆಲಸದ ಮೇಜಿನ ಕೆಳಗೆ ಒಂದು ಹಳೆಯ ಶೂ ಡಬ್ಬ ಇದೆ. ಅದರ ತುಂಬ ಬೂದು, ಕಪ್ಪು, ಬಿಳಿ ಬಣ್ಣ ಹೊಡೆದ ಪ್ಲಾಸ್ಟಿಕ್ ಚಮಚೆಗಳು. ಒಂದೊಂದರ ಹಿಡಿಯ ಮೇಲೂ ಮಾರ್ಕರ್ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ಯಾವ ಪ್ರೈಮರ್ (ಬಣ್ಣಕ್ಕೂ ಮುಂಚೆ ಹೊಡೆಯುವ ತಳಪದರ), ಯಾವ ಥಿನ್ನರ್ (ಅದನ್ನು ತೆಳು ಮಾಡುವ ದ್ರವ), ಎಷ್ಟಕ್ಕೆ ಎಷ್ಟು, ಏರ್‌ಬ್ರಷ್‌ಗೆ (ಗಾಳಿಯ ಬಲದಿಂದ ಬಣ್ಣ ಚಿಮ್ಮಿಸುವ ಪೆನ್ನಿನಂಥ ಸಾಧನ) ಕೊಟ್ಟ ಗಾಳಿಯ ಒತ್ತಡ ಎಷ್ಟು. ಡಬ್ಬ ತೆರೆದು ನೋಡಿದವರು ಇವನಿಗೇನೋ ಆಗಿದೆ ಅಂದುಕೊಂಡರೂ ಆಶ್ಚರ್ಯವಿಲ್ಲ. ಪ್ರೈಮರ್ ವಿಚಾರದಲ್ಲಿ ನಾನು ಕಲಿತದ್ದೆಲ್ಲ ಆ ಡಬ್ಬದಿಂದಲೇ.

ಅದಕ್ಕೂ ಮುಂಚೆ ಏನೇ ಕೆಟ್ಟರೂ ಪ್ರೈಮರನ್ನೇ ಬೈಯುತ್ತಿದ್ದೆ. ರೆಕ್ಕೆಯ ಮೇಲ್ಮೈ ಮರಳು ಕಾಗದದ ಹಾಗೆ ಒರಟಾಯಿತೇ, ಪ್ರೈಮರ್ ಸರಿ ಇಲ್ಲ. ಮಾಸ್ಕಿಂಗ್ ಟೇಪ್ ಕಿತ್ತರೆ ಬಣ್ಣವೂ ಎದ್ದು ಬಂತೇ, ಪ್ರೈಮರ್ ಸರಿ ಇಲ್ಲ. ಕುಣಿಯಲು ಬಾರದವರಿಗೆ ನೆಲ ಡೊಂಕು ಅಂತಾರಲ್ಲ, ಹಾಗೆ. ಚಮಚೆಗಳನ್ನು ಸಾಲಾಗಿ ಇಟ್ಟು ನೋಡಿದ ಮೇಲೆ ಕಂಡದ್ದು ಬೇರೆ. ಒಂದೇ ಬಾಟಲಿಯ ಪ್ರೈಮರ್ ಒಂದು ಚಮಚೆಯ ಮೇಲೆ ಗಾಜಿನ ಹಾಗೆ ಕೂತಿದೆ, ಇನ್ನೊಂದರ ಮೇಲೆ ಧೂಳು ಸುರಿದ ಹಾಗಿದೆ. ಬದಲಾದದ್ದು ಥಿನ್ನರ್ ಮತ್ತು ಅದರ ಅಳತೆ ಮಾತ್ರ. ಹಾಗಾಗಿ ಈ ಬರಹದಲ್ಲಿ ಪ್ರೈಮರ್ ಆರಿಸುವುದಕ್ಕಿಂತ ಅದನ್ನು ತೆಳು ಮಾಡುವುದರ ಬಗ್ಗೆಯೇ ಮಾತು ಹೆಚ್ಚು.

ಪ್ರೈಮರ್ ಬೇಕೇ ಬೇಕೇ?

ಯಾವಾಗಲೂ ಬೇಕು ಅಂತೇನಿಲ್ಲ. ಲ್ಯಾಕರ್ ಬಣ್ಣಗಳು ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ತಾವೇ ಸ್ವಲ್ಪ ಕರಗಿಸಿ ಹಿಡಿದುಕೊಳ್ಳುತ್ತವೆ. ಇಡೀ ಮಾಡೆಲ್ ಒಂದೇ ಪ್ಲಾಸ್ಟಿಕ್ಕು, ಪುಟ್ಟಿ ಹಚ್ಚಿಲ್ಲ, ಮೇಲೆ ಬರುವುದೂ ಲ್ಯಾಕರ್ ಬಣ್ಣ ಅಂತಾದರೆ ನೇರವಾಗಿ ಬಣ್ಣ ಹೊಡೆದರೂ ನಡೆಯುತ್ತದೆ. ಆದರೆ ಬ್ರಷ್ಷಿನಲ್ಲಿ ಹಚ್ಚುವ ನೀರಿನ ಅಕ್ರಿಲಿಕ್ ಬಣ್ಣಕ್ಕೆ ಪ್ರೈಮರ್ ಇಲ್ಲದಿದ್ದರೆ ಉಗುರು ತಾಗಿದರೆ ಸಾಕು, ಎದ್ದು ಬರುತ್ತದೆ.

ನನಗಂತೂ ಪ್ರೈಮರಿನ ದೊಡ್ಡ ಉಪಯೋಗ ಹಿಡಿತಕ್ಕಿಂತ ಕಣ್ಣಿಗೆ. ಬೂದು ಪ್ಲಾಸ್ಟಿಕ್ಕು, ಬಿಳಿ ಪುಟ್ಟಿ, ಹಿತ್ತಾಳೆಯ ಫೋಟೋ-ಎಚ್ ತಗಡು (ರಾಸಾಯನಿಕದಿಂದ ಕೊರೆದ ತೆಳು ಬಿಡಿಭಾಗ), ರೆಸಿನ್ ಎಂಜಿನ್ನು ಎಲ್ಲ ಸೇರಿ ಮಾಡೆಲ್ ತೇಪೆ ಹಾಕಿದ ಬಟ್ಟೆಯ ಹಾಗಿರುತ್ತದೆ. ಆ ಸ್ಥಿತಿಯಲ್ಲಿ ಯಾವ ಕೂಡು ಗೆರೆ ಮುಚ್ಚಿದೆ, ಯಾವುದು ಮುಚ್ಚಿಲ್ಲ ಅನ್ನುವುದು ಎಷ್ಟು ದಿಟ್ಟಿಸಿದರೂ ಕಾಣದು. ಒಂದು ಪದರ ಬೂದು ಬಿದ್ದರೆ ಎಲ್ಲದಕ್ಕೂ ಒಂದೇ ಚರ್ಮ ಬಂದ ಹಾಗೆ. ದೀಪವನ್ನು ಪಕ್ಕಕ್ಕೆ, ತಗ್ಗಿಗೆ ಹಿಡಿದು ನೋಡಿ. ವಿಮಾನದ ಬೆನ್ನಿನುದ್ದಕ್ಕೂ ಕೂಡು ಗೆರೆ ಕೂಗಿ ಕರೆಯುತ್ತದೆ.

ಪ್ರೈಮರ್‌ಗಳಲ್ಲಿ ಮೂರು ಜಾತಿ

ಬಾಟಲಿಯ ಮೇಲೆ ಏನೇ ಹೆಸರಿದ್ದರೂ ಒಳಗಿರುವುದು ಯಾವ ದ್ರಾವಕ ಅನ್ನುವುದೇ ಮೊದಲ ಪ್ರಶ್ನೆ. ಅದು ಗೊತ್ತಾಗದೆ ಥಿನ್ನರ್ ಬಾಟಲಿಗೆ ಕೈ ಹಾಕಬೇಡಿ.

ಲ್ಯಾಕರ್ ಪ್ರೈಮರ್ ನನ್ನ ಮೊದಲ ಆಯ್ಕೆ. ಮಿಸ್ಟರ್ ಸರ್ಫೇಸರ್, ತಮಿಯಾದ ಲಿಕ್ವಿಡ್ ಸರ್ಫೇಸ್ ಪ್ರೈಮರ್, ಅದೇ ತಮಿಯಾದ ಸ್ಪ್ರೇ ಕ್ಯಾನ್, ಆಲ್‌ಕ್ಲ್ಯಾಡ್‌ನ ಗ್ರೇ ಪ್ರೈಮರ್ ಎಲ್ಲ ಈ ಜಾತಿಯವು. ಇವುಗಳಲ್ಲಿ ರಾಳ ದ್ರಾವಕದಲ್ಲಿ ಕರಗಿರುತ್ತದೆ; ದ್ರಾವಕ ಹಾರಿಹೋದರೆ ರಾಳ ಉಳಿಯುತ್ತದೆ, ಅಷ್ಟೇ. ಬೇಗ ಒಣಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ, ಮರಳು ಕಾಗದ ಉಜ್ಜಿದರೆ ಪುಡಿಪುಡಿಯಾಗಿ ಬರುತ್ತದೆ. ಈ ಕೊನೆಯ ಗುಣಕ್ಕೇ ನಾನು ಇದನ್ನು ಬಿಟ್ಟು ಹೋಗದಿರುವುದು. ತೊಂದರೆ ಒಂದೇ, ವಾಸನೆ. ಅದು ಬರಿಯ ವಾಸನೆಯಲ್ಲ, ಶ್ವಾಸಕೋಶಕ್ಕೆ ಒಳ್ಳೆಯದಲ್ಲದ ಆವಿ. ಅದರ ಮಾತು ಕೆಳಗೆ ಬರುತ್ತದೆ.

ನೀರಿನ ಪ್ರೈಮರ್‌ಗಳು ಎರಡನೆಯವು. ವಲ್ಲೇಹೋದ ಸರ್ಫೇಸ್ ಪ್ರೈಮರ್, ಬ್ಯಾಜರ್‌ನ ಸ್ಟೈನಿಲ್‌ರೆಜ್ ಈ ಕಡೆಯವು. ಇಲ್ಲಿ ರಾಳ ಕರಗಿರುವುದಿಲ್ಲ. ಕಣ್ಣಿಗೆ ಕಾಣದ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರುತ್ತಾ ಬಂದ ಹಾಗೆ ಕಣಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಈ ಸಂಗತಿ ತಲೆಯಲ್ಲಿ ಕೂತರೆ ಮುಂದಿನ ಅರ್ಧ ಸಮಸ್ಯೆ ತಾನೇ ಬಗೆಹರಿಯುತ್ತದೆ. ಥಿನ್ನರ್ ಅತಿಯಾದರೆ ಕಣಗಳು ದೂರ ದೂರ ಉಳಿದು ಪೊರೆ ಬಲವಾಗುವುದಿಲ್ಲ. ಮುಟ್ಟಿದರೆ ಒಣಗಿದ ಹಾಗಿದ್ದರೂ ಪೂರ್ತಿ ಗಟ್ಟಿಯಾಗಲು ಕನಿಷ್ಠ ಒಂದು ದಿನ ಬೇಕು, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಪಾಲಿಯುರೆಥೇನ್ ರಾಳದ್ದಾದರೆ ಉಜ್ಜುವಾಗ ಪುಡಿಯಾಗದೆ ರಬ್ಬರಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಪುಟ್ಟಿ ಕೆಲಸ ಜಾಸ್ತಿ ಇರುವ ಮಾಡೆಲ್‌ಗೆ ನಾನು ಇದನ್ನು ಬಳಸುವುದಿಲ್ಲ. ಬ್ರಷ್ಷಿನಲ್ಲಿ ಹಚ್ಚುವವರಿಗೆ, ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಬೇಕಾದವರಿಗೆ ಇದೇ ಸರಿ.

ಎನಾಮೆಲ್ ಪ್ರೈಮರ್ ಮೂರನೆಯದು. ನಿಧಾನವಾಗಿ ಒಣಗುತ್ತದೆ, ವೈಟ್ ಸ್ಪಿರಿಟ್‌ನಲ್ಲಿ ತೆಳುವಾಗುತ್ತದೆ. ಮೇಲೆ ಎನಾಮೆಲ್ ವಾಶ್ (ಗೆರೆಗಳು ಎದ್ದು ಕಾಣಲು ಹರಿಸುವ ತೆಳು ಬಣ್ಣ) ಹಾಕುವ ಅಭ್ಯಾಸವಿದ್ದರೆ ಕೆಳಗಿನ ಪ್ರೈಮರೂ ಅದೇ ಜಾತಿ ಬೇಡ. ಇದಕ್ಕಿಂತ ಹೆಚ್ಚು ಹೇಳುವುದು ನನ್ನಲ್ಲಿಲ್ಲ, ನಾನು ಬಿಟ್ಟು ಬಹಳ ಕಾಲವಾಯಿತು.

ಕಾರಿಗೆ ಹೊಡೆಯುವ ಪ್ರೈಮರ್ ಕ್ಯಾನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಲವು ನಡೆಯುತ್ತವೆ, ಕೆಲವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಲೋಹಕ್ಕೆಂದು ಮಾಡಿದ ಎಚ್ ಪ್ರೈಮರ್‌ಗಳನ್ನಂತೂ ಮಾಡೆಲ್ ಹತ್ತಿರ ತರಬೇಡಿ. ಉಳಿದವನ್ನು ಅದೇ ಕಿಟ್ಟಿನ ಸ್ಪ್ರೂ ತುಂಡಿನ ಮೇಲೆ ಹೊಡೆದು, ಒಂದು ರಾತ್ರಿ ಬಿಟ್ಟು ನೋಡಿ. ಬಿಡಿಭಾಗಗಳನ್ನು ಹಿಡಿದಿಡುವ ಆ ಚೌಕಟ್ಟನ್ನು ಎಸೆಯುವುದಕ್ಕೆ ಮುಂಚೆ ಇದೊಂದು ಕೆಲಸಕ್ಕೆ ಸ್ವಲ್ಪ ಎತ್ತಿಟ್ಟುಕೊಳ್ಳಿ.

ಸರ್ಫೇಸರ್ ಬಾಟಲಿಯ ಮೇಲಿನ ಅಂಕಿ

ಮಿಸ್ಟರ್ ಸರ್ಫೇಸರ್ 500, 1000, 1200, 1500 ಅಂತ ಬರುತ್ತದೆ. ಮರಳು ಕಾಗದದ ಲೆಕ್ಕವೇ ಇದು, ಅಂಕಿ ದೊಡ್ಡದಾದಷ್ಟು ಕಣ ನುಣುಪು. 500 ಅನ್ನು ಪ್ರೈಮರ್ ಅನ್ನುವುದಕ್ಕಿಂತ ದ್ರವ ಪುಟ್ಟಿ ಅನ್ನುವುದೇ ಸರಿ; ಸಣ್ಣ ಬ್ರಷ್ಷಿನಲ್ಲಿ ಕೂಡು ಗೆರೆಯ ಮೇಲೆ ಎಳೆದು, ಮರುದಿನ ಉಜ್ಜುವುದಕ್ಕೆ. ಅದನ್ನು ಏರ್‌ಬ್ರಷ್‌ಗೆ ಸುರಿಯಬೇಡಿ. ಎಲ್ಲದಕ್ಕೂ ಒಂದೇ ಬಾಟಲಿ ಬೇಕು ಅಂದರೆ 1200. ನಾನು 1/72, ಅಂದರೆ ನಿಜವಾದದ್ದರ 72ನೇ ಒಂದು ಪಾಲಿನ ಅಳತೆಯ ವಿಮಾನಗಳನ್ನೇ ಹೆಚ್ಚು ಕಟ್ಟುವುದರಿಂದ 1500 ಇಟ್ಟುಕೊಂಡಿದ್ದೇನೆ.

ಅದಕ್ಕೊಂದು ಲೆಕ್ಕವಿದೆ. ಪ್ರೈಮರಿನ ಪದರ 0.03 ಮಿಲಿಮೀಟರ್ ದಪ್ಪ ಬಿತ್ತು ಅಂತಿಟ್ಟುಕೊಳ್ಳಿ. 1/72ರಲ್ಲಿ ಅದನ್ನು 72ರಿಂದ ಗುಣಿಸಿದರೆ 2 ಮಿಲಿಮೀಟರಿಗೂ ಮಿಕ್ಕಿತು. ನಿಜವಾದ ವಿಮಾನದ ಮೇಲೆ ಯಾರಾದರೂ ಎರಡು ಮಿಲಿಮೀಟರ್ ದಪ್ಪಕ್ಕೆ ಬಣ್ಣ ಬಳಿದರೆ ರಿವೆಟ್ಟು ಕಾಣುತ್ತದೆಯೇ? ಮಾಡೆಲ್‌ನ ಗೆರೆಗಳು ಮುಚ್ಚಿಹೋಗುವುದು ಹೀಗೆ.

ನುಣುಪು ಪ್ರೈಮರಿಗೆ ಮುಚ್ಚುವ ಶಕ್ತಿ ಕಡಿಮೆ ಅನ್ನುವುದೂ ನೆನಪಿರಲಿ. 400ರ ಕಾಗದದಲ್ಲಿ ಉಜ್ಜಿ ನಿಲ್ಲಿಸಿ ಮೇಲೆ 1500 ಹೊಡೆದರೆ ಪ್ರತಿಯೊಂದು ಗೀರೂ ಹಾಗೇ ಎದ್ದು ಕಾಣುತ್ತದೆ. 800, ಆಮೇಲೆ 1000 ಕಾಗದದವರೆಗೆ ಬನ್ನಿ, ಆಮೇಲೆ ಪ್ರೈಮರ್.

ಜಾತಿಗೆ ತಕ್ಕ ಥಿನ್ನರ್

ಲ್ಯಾಕರ್ ಪ್ರೈಮರಿಗೆ ಮಾಡೆಲ್‌ಗೆಂದೇ ಮಾಡಿದ ಲ್ಯಾಕರ್ ಥಿನ್ನರ್. ಮಿಸ್ಟರ್ ಕಲರ್ ಥಿನ್ನರ್ ಇದೆ, ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಇದೆ, ತಮಿಯಾದ ಹಳದಿ ಮುಚ್ಚಳದ ಲ್ಯಾಕರ್ ಥಿನ್ನರ್ ಇದೆ. ಇವುಗಳಲ್ಲಿ ಲೆವೆಲಿಂಗ್ ಥಿನ್ನರಿಗೆ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಮೊದಲೇ ಬೆರೆಸಿರುತ್ತಾರೆ. ಹನಿಗಳು ಮೇಲ್ಮೈಗೆ ಬಂದ ಮೇಲೂ ಕೆಲವು ಕ್ಷಣ ಒದ್ದೆಯಾಗಿದ್ದು, ಒಂದರೊಳಗೊಂದು ಹರಿದು ಸಮವಾಗುತ್ತವೆ. ಒಂದೇ ಥಿನ್ನರ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಬೇರೆ ಸಂಸ್ಥೆಯ ಲ್ಯಾಕರ್ ಪ್ರೈಮರಿಗೂ ಸಾಮಾನ್ಯವಾಗಿ ಹೊಂದುತ್ತದೆ, ಆದರೂ ಮೊದಲು ಎರಡು ಹನಿ ಬೆರೆಸಿ ನೋಡಿ.

ತಮಿಯಾದ್ದೇ ಎಕ್ಸ್-20ಎ ಅನ್ನುವ ಇನ್ನೊಂದು ಥಿನ್ನರ್ ಇದೆ. ಅದು ಅವರ ಅಕ್ರಿಲಿಕ್ ಬಣ್ಣಕ್ಕೆ, ಲ್ಯಾಕರ್ ಪ್ರೈಮರಿಗಲ್ಲ. ಎರಡೂ ಬಾಟಲಿ ನೋಡಲು ಅಣ್ಣತಮ್ಮಂದಿರ ಹಾಗೆ. ಅವಸರದಲ್ಲಿ ಕೈ ತಪ್ಪುವುದು ಸುಲಭ.

ನೀರಿನ ಪ್ರೈಮರಿಗೆ ಅದೇ ಸಂಸ್ಥೆಯ ಏರ್‌ಬ್ರಷ್ ಥಿನ್ನರ್, ಬೇಕಿದ್ದರೆ ಒಂದು ಹನಿ ಫ್ಲೋ ಇಂಪ್ರೂವರ್ (ಸರಾಗವಾಗಿ ಹರಿಯಲು ಬೆರೆಸುವ ದ್ರವ). ಅಲ್ಲಿಗೆ ನಿಲ್ಲಿಸಿ. ಇದಕ್ಕೆ ಲ್ಯಾಕರ್ ಥಿನ್ನರ್ ತಾಗಿತೋ, ಏರ್‌ಬ್ರಷ್‌ನ ಬಣ್ಣ ಸುರಿಯುವ ಬಟ್ಟಲಿನೊಳಗೇ (ಕಪ್) ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿದರೂ ಒಡೆದು ಹೋಗುವ ಸಂಭವವಿದೆ. ತೇಲುತ್ತಿದ್ದ ಕಣಗಳನ್ನು ಬೇರೆ ಬೇರೆ ಹಿಡಿದಿಟ್ಟ ವ್ಯವಸ್ಥೆಯೇ ಕುಸಿದರೆ ಇನ್ನೇನಾಗುತ್ತದೆ? ಇದೇ ಕಾರಣಕ್ಕೆ, ಲ್ಯಾಕರ್ ಕೆಲಸ ಮುಗಿಸಿ ನೀರಿನ ಪ್ರೈಮರಿಗೆ ಹೋಗುವಾಗ ಏರ್‌ಬ್ರಷ್ ಪೂರ್ತಿ ಒಣಗಿರಲಿ. ಕಪ್ಪಿನ ತಳದಲ್ಲಿ ಉಳಿದ ಒಂದು ಹನಿ ಲ್ಯಾಕರ್ ಥಿನ್ನರ್ ಸಾಕು, ನಾಝಲ್ ಕಟ್ಟಿಕೊಳ್ಳುತ್ತದೆ.

ಇನ್ನು ಗೋಡೆಗೆ, ಮರಕ್ಕೆ ಬಣ್ಣ ಬಳಿಯುವವರು ಬಳಸುವ ದೊಡ್ಡ ಡಬ್ಬದ ಥಿನ್ನರ್. ನಾನು ಅದನ್ನು ಏರ್‌ಬ್ರಷ್ ತೊಳೆಯುವುದಕ್ಕೆ ಇಟ್ಟುಕೊಂಡಿದ್ದೇನೆ, ಆ ಕೆಲಸಕ್ಕೆ ಒಳ್ಳೆಯದು. ಒಂದು ರಾತ್ರಿ ಲೆವೆಲಿಂಗ್ ಥಿನ್ನರ್ ಮುಗಿದಿತ್ತು, ಒಂದೇ ಒಂದು ರೆಕ್ಕೆ ಬಾಕಿ ಇತ್ತು. ಇದೂ ಥಿನ್ನರೇ ತಾನೇ ಅಂತ ಸುರಿದೆ. ಹೊಡೆಯುವಾಗ ಬಹಳ ಚೆನ್ನಾಗಿ ಕೂತಿತು, ಹೊಳೆಯುತ್ತಿತ್ತು. ಕೈ ತೊಳೆದು ಬರುವಷ್ಟರಲ್ಲಿ ರೆಕ್ಕೆಯ ಹಿಂದಿನ ಅಂಚು, ಪ್ಲಾಸ್ಟಿಕ್ ಅತಿ ತೆಳುವಾಗಿರುವ ಕಡೆ, ಒಣಗಿದ ಎಲೆಯ ಹಾಗೆ ಮೇಲಕ್ಕೆ ಸುರುಳಿಯಾಗಿತ್ತು. ಬುಡದ ಹತ್ತಿರ ಕೂದಲೆಳೆಯ ಬಿರುಕುಗಳು. ಪ್ಲಾಸ್ಟಿಕ್ ಬಗ್ಗೆ ಯೋಚನೆಯೇ ಇಲ್ಲದೆ ಮಾಡಿದ ಥಿನ್ನರಿನಲ್ಲಿ ಅಸಿಟೋನ್, ಟಾಲೀನ್‌ನಂಥವು ಎಷ್ಟಿರುತ್ತವೋ ಹೇಳುವ ಹಾಗಿಲ್ಲ. ಎರಡೂ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಆ ರೆಕ್ಕೆಯ ತುಂಡೂ ಶೂ ಡಬ್ಬದಲ್ಲೇ ಇದೆ.

ಹಾಗಾದರೆ ಮಾಡೆಲ್ ಲ್ಯಾಕರ್ ಥಿನ್ನರ್ ಯಾಕೆ ಕರಗಿಸುವುದಿಲ್ಲ ಅಂದರೆ, ಅದೂ ಕರಗಿಸುತ್ತದೆ. ಸೌಮ್ಯವಾಗಿದೆ ಅಷ್ಟೇ. ಏರ್‌ಬ್ರಷ್‌ನಿಂದ ಮಂಜಿನ ಹಾಗೆ ಬೀಳುವಾಗ ಸ್ವಲ್ಪವೇ ಬೀಳುತ್ತದೆ, ಬೇಗ ಹಾರಿಹೋಗುತ್ತದೆ. ಅದರಲ್ಲೇ ಭಾಗವನ್ನು ನೆನೆಹಾಕಿದರೆ ಅದೂ ಹಾಳೇ.

ಹದ ಮಾಡುವುದು

ಬಾಟಲಿ ತೆಗೆದ ತಕ್ಷಣ ಅಲ್ಲಾಡಿಸಬೇಡಿ. ಮುಚ್ಚಳ ತೆರೆದು, ಚಪ್ಪಟೆ ತುದಿಯ ಕಡ್ಡಿಯನ್ನು ತಳದವರೆಗೆ ಇಳಿಸಿ ಕೆರೆಯಿರಿ. ತಿಂಗಳುಗಟ್ಟಲೆ ನಿಂತ ಪ್ರೈಮರಿನಲ್ಲಿ ಮುಖ್ಯವಾದ ಪುಡಿಯೆಲ್ಲ ತಳದಲ್ಲಿ ಜೇಡಿಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದು ಕಡ್ಡಿಗೆ ಹತ್ತದೆ ಪೂರ್ತಿ ಬೆರೆಯುವವರೆಗೆ ಕಲಕಿ. ಮೇಲಿನ ತಿಳಿಯನ್ನು ಮಾತ್ರ ತೆಗೆದು ಹೊಡೆದು, ಇದು ಮುಚ್ಚುವುದೇ ಇಲ್ಲ ಅಂತ ಬೈದವರಲ್ಲಿ ನಾನೂ ಒಬ್ಬ.

ಆಮೇಲೆ ಅಳತೆ. ಹನಿ ಎಣಿಸುವುದನ್ನು ನಾನು ಬಿಟ್ಟೆ. ಯಾಕೆಂದರೆ ಪಿಪೆಟ್ಟಿನಿಂದ ಬೀಳುವ ಪ್ರೈಮರಿನ ಹನಿ ದಪ್ಪ, ಥಿನ್ನರಿನ ಹನಿ ಸಣ್ಣ. ಹತ್ತಕ್ಕೆ ಹತ್ತು ಎಣಿಸಿದರೆ ಸಮ ಅಂದುಕೊಂಡಿರುತ್ತೀರಿ, ನಿಜದಲ್ಲಿ ಥಿನ್ನರ್ ಕಡಿಮೆ ಬಿದ್ದಿರುತ್ತದೆ. ಮಿಲಿಲೀಟರ್ ಗೆರೆ ಇರುವ ಸಣ್ಣ ಕಪ್ಪು, ಇಲ್ಲವೇ ಸೂಜಿ ಇಲ್ಲದ ಸಿರಿಂಜು ಒಂದು ಇಟ್ಟುಕೊಳ್ಳಿ.

ಲ್ಯಾಕರ್ ಸರ್ಫೇಸರಿಗೆ ನನ್ನ ಶುರುವಿನ ಅಳತೆ: 1500 ಆದರೆ ಒಂದು ಪಾಲು ಪ್ರೈಮರಿಗೆ ಒಂದೂವರೆ ಪಾಲು ಥಿನ್ನರ್, 1000 ಆದರೆ ಒಂದಕ್ಕೆ ಎರಡು. ಇದು 0.3 ಮಿಲಿಮೀಟರ್ ನಾಝಲ್‌ಗೆ, 15ರಿಂದ 18 ಪಿಎಸ್‌ಐ ಒತ್ತಡಕ್ಕೆ. ಹಳೆಯ ಬಾಟಲಿಯಲ್ಲಿ ದ್ರಾವಕ ಅಷ್ಟಿಷ್ಟು ಹಾರಿಹೋಗಿರುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಆಲ್‌ಕ್ಲ್ಯಾಡ್‌ನಂಥವು ಏರ್‌ಬ್ರಷ್‌ಗೆಂದೇ ತೆಳುವಾಗಿ ಬರುತ್ತವೆ, ಅವಕ್ಕೆ ಏನೂ ಸೇರಿಸಬೇಡಿ.

ನೀರಿನ ಪ್ರೈಮರ್ ಮೊದಲ ಸಲ ಏನೂ ಸೇರಿಸದೆಯೇ ಹೊಡೆದು ನೋಡಿ, 0.4 ಅಥವಾ 0.5 ನಾಝಲ್, 20ರಿಂದ 25 ಪಿಎಸ್‌ಐ. ಹರಿಯುತ್ತಿಲ್ಲ ಅಂದರೆ ಹತ್ತು ಪಾಲಿಗೆ ಒಂದು ಪಾಲು ಥಿನ್ನರ್. ಹತ್ತಕ್ಕೆ ಎರಡು ದಾಟಿದರೆ ನೀವು ಪ್ರೈಮರ್ ಹೊಡೆಯುತ್ತಿಲ್ಲ, ಬಣ್ಣದ ನೀರು ಹೊಡೆಯುತ್ತಿದ್ದೀರಿ.

ಹಾಲಿನ ಹದಕ್ಕೆ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ನಾನು ನೋಡುವುದು ಕಪ್ಪಿನ ಗೋಡೆಯನ್ನು. ಬೆರೆಸಿದ ಕಡ್ಡಿಯಿಂದ ಒಳಗೋಡೆಯ ಮೇಲೆ ಸ್ವಲ್ಪ ಮೇಲಕ್ಕೆ ಎಳೆದು ಬಿಡಿ. ಎಳೆದ ಜಾಗದಲ್ಲೇ ದಪ್ಪಗೆ ನಿಂತುಕೊಂಡು ಸೋಮಾರಿಯ ಹಾಗೆ ಇಳಿದರೆ ಇನ್ನೂ ಥಿನ್ನರ್ ಬೇಕು. ಸರ್ರನೆ ಜಾರಿಹೋಗಿ ಗೋಡೆ ಬೋಳಾಗಿ ಉಳಿದರೆ, ಅಥವಾ ಉಳಿದದ್ದು ತುಂಡು ತುಂಡಾಗಿ ಹನಿಗಟ್ಟಿದರೆ ಅತಿಯಾಯಿತು, ಎರಡು ಹನಿ ಪ್ರೈಮರ್ ಸೇರಿಸಿ. ಒಂದೇ ಸಮನೆ ಇಳಿದು, ಹಿಂದೆ ತೆಳ್ಳಗೆ ಬೂದು ಪರದೆಯನ್ನು ಬಿಟ್ಟು ಹೋಗಬೇಕು. ಆ ಪರದೆಯ ಆಚೆ ಕಪ್ಪಿನ ಗೆರೆಗಳು ಮಸುಕಾಗಿ ಕಾಣುತ್ತಿರಬೇಕು. ಇದನ್ನು ನಾಲ್ಕು ಸಲ ನೋಡಿದರೆ ಕಣ್ಣಿಗೆ ರೂಢಿಯಾಗುತ್ತದೆ, ಆಮೇಲೆ ಅಳತೆಯ ಅಂಕಿ ಬೇಕಿಲ್ಲ.

ಏರ್‌ಬ್ರಷ್ ಕಪ್ಪಿಗೆ ಸುರಿಯುವ ಮುಂಚೆ ಎರಡು ಹನಿ ಬರೀ ಥಿನ್ನರ್ ಹಾಕಿ. ದಪ್ಪ ಪ್ರೈಮರ್ ನೇರವಾಗಿ ನಾಝಲ್ ತುದಿಗೆ ಇಳಿದು ಕೂರುವುದು ತಪ್ಪುತ್ತದೆ.

ಮಾಡೆಲ್‌ಗಿಂತ ಮುಂಚೆ ಚಮಚೆ

ಚಮಚೆ ಯಾಕೆಂದರೆ ಅದರಲ್ಲಿ ಉಬ್ಬು, ತಗ್ಗು, ಅಂಚು ಮೂರೂ ಇವೆ, ವಿಮಾನದ ಮೈಯ ಹಾಗೇ. ಆದರೆ ಚಮಚೆಯೂ ಮೋಸ ಮಾಡುತ್ತದೆ. ಒಂದು ಸಲ ನೀರಿನ ಪ್ರೈಮರೊಂದು ಎಷ್ಟು ದಿನ ಒಣಗಿಸಿದರೂ ಟೇಪಿನ ಜೊತೆ ಪೊರೆ ಪೊರೆಯಾಗಿ ಸುಲಿದು ಬರುತ್ತಿತ್ತು. ಥಿನ್ನರ್ ಕಡಿಮೆ ಮಾಡಿದೆ, ಒತ್ತಡ ಬದಲಾಯಿಸಿದೆ, ಕೊನೆಗೆ ಬೇರೆ ಪ್ರೈಮರ್ ತಂದೆ. ಅದೂ ಸುಲಿಯಿತು. ಒಂದು ವಾರ ಹೀಗೇ ಕಳೆಯಿತು. ಸಿಟ್ಟಿನಲ್ಲಿ ಚಮಚೆಯನ್ನು ಬಗ್ಗಿಸಿ ಮುರಿಯಲು ಹೋದೆ, ಮುರಿಯಲಿಲ್ಲ! ಬಾಗಿ ಮತ್ತೆ ನೆಟ್ಟಗಾಯಿತು. ಹಿಡಿಯ ಹಿಂಭಾಗ ನೋಡಿದರೆ ತ್ರಿಕೋನದೊಳಗೆ 5 ಅನ್ನುವ ಅಂಕಿ. ಅಂದರೆ ಪಾಲಿಪ್ರೊಪಿಲೀನ್, ಮಾಮೂಲಿ ಪ್ರೈಮರ್ ಹಿಡಿಯದ ಪ್ಲಾಸ್ಟಿಕ್ಕು. ಮಾಡೆಲ್ ಕಿಟ್ಟುಗಳದ್ದು ಪಾಲಿಸ್ಟೈರೀನ್, ಅದರ ಅಂಕಿ 6. ಹಾಗಾಗಿ 6 ಇರುವ ಚಮಚೆಯನ್ನೇ ಆರಿಸಿ. ಅಂಕಿ ಇಲ್ಲದಿದ್ದರೆ ಒಂದನ್ನು ಬಗ್ಗಿಸಿ ನೋಡಿ, ಬಿಳಿಚಿ ಟಪ್ಪನೆ ಮುರಿದರೆ ಅದು ನಮ್ಮದು.

ಪ್ಲಾಸ್ಟಿಕ್ಕಿನ ಮಾತು ಬಂತಲ್ಲ, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಬಾಗುವ ಮೆತ್ತನೆಯ ಪ್ಲಾಸ್ಟಿಕ್ಕಿನ ಸೈನಿಕರ ಬೊಂಬೆಗಳಿಂದ ಬಣ್ಣ ಸಿಪ್ಪೆಯೇಳುವುದೂ ಇದೇ ಬಗೆಯ ಕಾರಣಕ್ಕೆ. ಹಿತ್ತಾಳೆ ತಗಡಿಗೆ ಮೆಟಲ್ ಪ್ರೈಮರ್ ಅಂತಲೇ ಬೇರೆ ಇದೆ, ಬ್ರಷ್ಷಿನಲ್ಲಿ ಒಂದು ಕೈ ಹಚ್ಚಿದರೆ ಸಾಕು. 3ಡಿ ಪ್ರಿಂಟ್ ಮಾಡಿದ ರೆಸಿನ್ ಭಾಗಗಳನ್ನು ಆಲ್ಕೋಹಾಲಿನಲ್ಲಿ ತೊಳೆದು, ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡಿರಬೇಕು, ಇಲ್ಲದಿದ್ದರೆ ಮೇಲಿನ ಪ್ರೈಮರ್ ಅಂಟಂಟಾಗಿಯೇ ಉಳಿಯುತ್ತದೆ. ಮೆತ್ತನೆಯ ವಿನೈಲ್ ಟೈರುಗಳಿಗೆ ಲ್ಯಾಕರ್ ಹೊಡೆಯಬೇಡಿ, ಅಲ್ಲೂ ಅದೇ ಅಂಟಿನ ಗೋಳು.

ತೊಳೆಯುವುದು ಎಲ್ಲದಕ್ಕೂ ಸಮಾನ. ಅಚ್ಚಿನಿಂದ ಬಿಡಿಸಿಕೊಳ್ಳಲು ಹಚ್ಚಿದ ಜಿಡ್ಡು ಭಾಗಗಳ ಮೇಲೆ ಉಳಿದಿರುತ್ತದೆ, ಕಟ್ಟುವಾಗ ನಮ್ಮ ಬೆರಳಿನದ್ದೂ ಸೇರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್. ಒಣಗಿದ ಮೇಲೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಪ್ರೈಮರ್ ಕೂರದೆ ದುಂಡು ದುಂಡಾಗಿ ಸರಿದು ಪ್ಲಾಸ್ಟಿಕ್ ಇಣುಕಿದರೆ ಅದು ಜಿಡ್ಡಿನ ಗುರುತು.

ಹೊಡೆಯುವಾಗ ಕಣ್ಣು ಎಲ್ಲಿರಬೇಕು

ಮಾಡೆಲ್‌ನಿಂದ ಏಳರಿಂದ ಹತ್ತು ಸೆಂಟಿಮೀಟರ್ ದೂರ. ಮೊದಲ ಸುತ್ತು ಮಂಜು ಬಿದ್ದ ಹಾಗಿರಲಿ, ಪ್ಲಾಸ್ಟಿಕ್ಕಿನ ಬಣ್ಣ ಕಾಣುತ್ತಲೇ ಇರಲಿ. ಎರಡು ಮೂರು ನಿಮಿಷ ಬಿಟ್ಟು ಎರಡನೆಯ ಸುತ್ತು ಸ್ವಲ್ಪ ಒದ್ದೆಯಾಗಿ. ಆಗ ಕಣ್ಣು ಏರ್‌ಬ್ರಷ್ ಮೇಲಲ್ಲ, ಬಣ್ಣ ಬೀಳುವ ಜಾಗದಲ್ಲಿ ದೀಪದ ಪ್ರತಿಬಿಂಬದ ಮೇಲಿರಲಿ. ಬಿದ್ದ ಕಡೆ ಒಂದು ಕ್ಷಣ ಒದ್ದೆ ಹೊಳಪು ಬಂದು, ಕೈ ಮುಂದೆ ಹೋದ ಹಾಗೆ ಹಿಂದಿನಿಂದ ಹೊಳಪು ಆರುತ್ತಾ ಬರಬೇಕು. ಹೊಳಪೇ ಬರದಿದ್ದರೆ ಒಣ ಪುಡಿ ಬೀಳುತ್ತಿದೆ. ಹೊಳಪು ಆರದೆ ಅಲುಗಾಡುತ್ತಿದ್ದರೆ ನಿಲ್ಲಿಸಿ, ಸೋರುವ ಮುಂಚೆ.

ಮರಳು ಕಾಗದದ ಹಾಗೆ ಒರಟಾದರೆ ಹನಿಗಳು ದಾರಿಯಲ್ಲೇ ಒಣಗಿವೆ. ಮಿಶ್ರಣ ದಪ್ಪ, ಇಲ್ಲವೇ ದೂರ ಜಾಸ್ತಿ, ಇಲ್ಲವೇ ಗಾಳಿ ಜೋರು. ನಾನು ಮೊದಲು ಹತ್ತಿರ ಹೋಗುತ್ತೇನೆ, ಆಮೇಲೆ ಥಿನ್ನರ್ ಸೇರಿಸುತ್ತೇನೆ, ಒತ್ತಡ ಮುಟ್ಟುವುದು ಕೊನೆಗೆ. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅನ್ನುವುದು ಗೊತ್ತಾಗುವುದಿಲ್ಲ. ನಾಝಲಿನಿಂದ ಜೇಡರ ಬಲೆಯ ಹಾಗೆ ಎಳೆ ಎಳೆ ಹಾರಿದರೆ ಇನ್ನು ಅನುಮಾನವೇ ಬೇಡ, ಥಿನ್ನರ್ ಬಹಳ ಕಡಿಮೆ. ಅಂಚುಗಳಿಂದ ಬಣ್ಣ ಸರಿದು ಮೂಲೆಗಳಲ್ಲಿ ಕೊಳವಾದರೆ ಥಿನ್ನರ್ ಜಾಸ್ತಿ.

ಮಳೆ ಹಿಡಿದ ದಿನ ಲ್ಯಾಕರ್ ಪ್ರೈಮರ್ ಹೊಡೆದರೆ ಅಲ್ಲಲ್ಲಿ ಬಿಳಿ ಮಂಜು ಕವಿಯುವುದುಂಟು. ದ್ರಾವಕ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಬೂದಿನ ಮೇಲೆ ಗೊತ್ತಾಗುವುದಿಲ್ಲ, ಕಪ್ಪಿನ ಮೇಲೆ ಬೂದಿ ಎರಚಿದ ಹಾಗೆ. ಹೆದರಬೇಡಿ, ಗಾಳಿ ಒಣಗಿರುವ ಹೊತ್ತು ನೋಡಿ ಬರೀ ಲೆವೆಲಿಂಗ್ ಥಿನ್ನರನ್ನು ಹಗುರವಾಗಿ ಹೊಡೆದರೆ ಪದರ ಮತ್ತೆ ಕರಗಿ, ತೇವ ಹೋಗಿ, ಮಂಜು ಮಾಯವಾಗುತ್ತದೆ. ಬೇಗ ಒಣಗುವ ಥಿನ್ನರ್ ಬಳಸಿದಷ್ಟೂ ಈ ಕಾಟ ಹೆಚ್ಚು.

ಏರ್‌ಬ್ರಷ್ ಇಲ್ಲದವರಿಗೆ ಸ್ಪ್ರೇ ಕ್ಯಾನ್ ಏನೂ ಕಡಿಮೆಯಲ್ಲ. ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಬಿಸಿ ನೀರು ಖಂಡಿತ ಬೇಡ. ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. 20ರಿಂದ 25 ಸೆಂಟಿಮೀಟರ್ ದೂರದಿಂದ, ಮಾಡೆಲ್‌ನ ಆಚೆ ಶುರುಮಾಡಿ ಆಚೆಯೇ ಮುಗಿಸಿ. ಒತ್ತಿದಾಗ ಮೊದಲು ಉಗುಳುವ ದಪ್ಪ ಹನಿ ಮಾಡೆಲ್ ಮೇಲೆ ಬೀಳಬಾರದು. ಕ್ಯಾನಿನ ಪ್ರೈಮರನ್ನು ಜಾಡಿಗೆ ಇಳಿಸಿ ಏರ್‌ಬ್ರಷ್‌ನಲ್ಲಿ ಹೊಡೆಯುವವರಿದ್ದಾರೆ. ಹಾಗೆ ಮಾಡಿದರೆ ಜಾಡಿಯ ಮುಚ್ಚಳ ಸಡಿಲವಾಗಿಟ್ಟು ಒಂದು ರಾತ್ರಿ ಬಿಡಿ. ಅದರಲ್ಲಿ ಕರಗಿರುವ ಅನಿಲ ಹೋಗುವ ಮುಂಚೆ ಕಪ್ಪಿಗೆ ಸುರಿದರೆ ಕುದಿದು ಉಕ್ಕಿ ಮೈಮೇಲೆ ಬರುತ್ತದೆ.

ಬಣ್ಣ ಯಾವುದು

ತಪ್ಪು ಹುಡುಕಲು ಬೂದು. ಲೋಹದ ಬಣ್ಣಗಳ ಕೆಳಗೆ ಕಪ್ಪು. ಕನ್ನಡಿಯಂಥ ಹೊಳಪು ಬೇಕಿದ್ದರೆ ಆ ಕಪ್ಪೂ ಹೊಳೆಯುವ ಕಪ್ಪಾಗಿರಬೇಕು, ಮ್ಯಾಟ್ ಕಪ್ಪಿನ ಮೇಲೆ ಅಲ್ಯೂಮಿನಿಯಂ ಬಣ್ಣ ಮರಳು ಮರಳಾಗಿ ಕಾಣುತ್ತದೆ. ಹಳದಿ, ಕೆಂಪಿಗೆ ಬಿಳಿ ಅಥವಾ ತಿಳಿ ಗುಲಾಬಿ. ಬಿಳಿ ಪ್ರೈಮರ್ ಬೇಗ ಮುಚ್ಚುವುದಿಲ್ಲ, ಮುಚ್ಚಲಿ ಅಂತ ಹೊಡೆದು ಹೊಡೆದು ದಪ್ಪವಾಗುತ್ತದೆ. ನಾನು ಮೊದಲು ತೆಳುವಾಗಿ ಬೂದು ಹೊಡೆದು ಮೇಲೆ ಬಿಳಿ ಹೊಡೆಯುತ್ತೇನೆ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಕಟ್ಟುತ್ತಿದ್ದರೆ ಕಾವಿ ಕೆಂಪಿನ ಆಕ್ಸೈಡ್ ಪ್ರೈಮರ್ ಹಾಕಿ, ಕಾರ್ಖಾನೆಯಲ್ಲಿ ನಿಜವಾದ ಟ್ಯಾಂಕಿಗೂ ಅದೇ ಬಣ್ಣದ ಪ್ರೈಮರ್ ಇತ್ತು. ಮೇಲಿನ ಬಣ್ಣ ಕಿತ್ತ ಹಾಗೆ ತೋರಿಸುವಾಗ ಕೆಳಗಿಂದ ಸರಿಯಾದದ್ದೇ ಇಣುಕುತ್ತದೆ. ಕಾಕ್‌ಪಿಟ್ ಗಾಜಿನ ಚೌಕಟ್ಟಿಗೆ ಮಾಸ್ಕ್ ಅಂಟಿಸಿ ಮೊದಲು ಒಳಗಿನ ಬಣ್ಣ ಹೊಡೆಯಿರಿ, ಆಮೇಲೆ ಪ್ರೈಮರ್. ಒಳಗಿಂದ ನೋಡಿದರೆ ಮೊದಲು ಬಿದ್ದ ಪದರವೇ ಕಾಣುವುದು.

ಉಸಿರಿನ ಮಾತು

ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸಕ್ರಿಯ ಇದ್ದಿಲಿನ, ಸಾವಯವ ಆವಿಗೆಂದೇ ಮಾಡಿದ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಹಾಕಿಕೊಂಡ ಮೇಲೂ ಥಿನ್ನರ್ ವಾಸನೆ ಬಂತು ಅಂದರೆ ಮುಖಕ್ಕೆ ಸರಿಯಾಗಿ ಕೂತಿಲ್ಲ, ಇಲ್ಲವೇ ಕಾರ್ಟ್ರಿಜ್ ಮುಗಿದಿದೆ. ಗಾಳಿ ಹೊರಗೆ ಹೋಗುವ ವ್ಯವಸ್ಥೆ ಇರಲಿ, ಬೆಂಕಿಯ ಕಿಡಿ ಹತ್ತಿರ ಎಲ್ಲೂ ಇರದಿರಲಿ. ನೀರಿನ ಪ್ರೈಮರಿಗೆ ವಾಸನೆ ಇಲ್ಲ ಅಂತ ಮಾಸ್ಕ್ ಬಿಡಬೇಡಿ, ಪ್ಲಾಸ್ಟಿಕ್ಕಿನ ಸಣ್ಣ ಹನಿಗಳನ್ನು ಉಸಿರಾಡುವುದು ಅಲ್ಲೂ ತಪ್ಪಿದ್ದಲ್ಲ.

ಮಾಡೆಲ್‌ಗೆ ಹೊಡೆದ ಅದೇ ಮಿಶ್ರಣವನ್ನು, ಅದೇ ಹೊತ್ತಿಗೆ, ಒಂದು ಚಮಚೆಗೂ ಹೊಡೆದು ಪಕ್ಕದಲ್ಲೇ ಒಣಗಲು ಇಡಿ. ಮರುದಿನ ಮುಟ್ಟಿ ನೋಡುವುದು, ಉಗುರಿನಲ್ಲಿ ಗೀರುವುದು, ಟೇಪ್ ಒತ್ತಿ ಸರ್ರನೆ ಕೀಳುವುದು ಎಲ್ಲ ಚಮಚೆಯ ಮೇಲೆ. ಟೇಪ್ ಬರಿಗೈಯಲ್ಲಿ ಬಂದರೆ ಹಿಡಿಯ ಮೇಲೆ ಅಳತೆ ಬರೆದು ಡಬ್ಬಕ್ಕೆ ಹಾಕಿ, ಮಾಡೆಲ್‌ಗೆ ಬಣ್ಣ ಕಲಸಿ. ಬೂದು ಪೊರೆ ಟೇಪಿಗೆ ಅಂಟಿ ಬಂದರೆ ಇನ್ನೂ ಒಂದು ದಿನ ಬಿಟ್ಟು ಮತ್ತೆ ಟೇಪ್ ಒತ್ತಿ. ಆಗಲೂ ಬಂದರೆ ಚಮಚೆಯನ್ನು ತಿರುಗಿಸಿ ಅಂಕಿ ನೋಡಿ.